ಬಣ್ಣಕ್ಕಿಂತ ಮುಂಚಿನ ಕಸುಬು

ಅಮೆರಿಕದ ಬಂದೂಕು ರಿಪೇರಿ ಅಂಗಡಿಗಳಲ್ಲಿ ಸೆರಾಕೋಟ್‌ಗೆ ಬಲು ಬೇಡಿಕೆ. ಒರೆಗಾನ್ ರಾಜ್ಯದ ಕಂಪನಿಯೊಂದು ತಯಾರಿಸುವ ಈ ಸೆರಾಮಿಕ್ ಲೇಪವನ್ನು ಸ್ಪ್ರೇ ಮಾಡಿ ಓವನ್‌ನಲ್ಲಿ ಕಾಯಿಸುತ್ತಾರೆ. ಗಿರಾಕಿಯ ಕಣ್ಣೆಲ್ಲ ಬಣ್ಣದ ಕಾರ್ಡಿನ ಮೇಲೆ. ಆದರೆ ಲೇಪ ಬಾಳುತ್ತದೋ, ಸಿಪ್ಪೆ ಏಳುತ್ತದೋ ಎಂಬುದು ಬಣ್ಣ ಕಲಸುವ ಮೊದಲೇ ತೀರ್ಮಾನವಾಗಿರುತ್ತದೆ.

ಅನೋಡೈಸ್ ಆದ ಭಾಗ ಬಂದರಂತೂ ಪಳಗಿದ ಕೈಗೂ ಪರೀಕ್ಷೆ. ಎಆರ್-15 ರೈಫಲ್ಲಿನ ರಿಸೀವರನ್ನೇ, ಅಂದರೆ ಒಳಗಿನ ಭಾಗಗಳನ್ನು ಹಿಡಿದಿಡುವ ಚೌಕಟ್ಟನ್ನೇ, ತೆಗೆದುಕೊಳ್ಳಿ. ಅದು 7075-ಟಿ6 ಅಲ್ಯೂಮಿನಿಯಂ. ಅದರ ಮೈಮೇಲಿರುವ ಕಪ್ಪು ಹಚ್ಚಿದ ಪೇಂಟಲ್ಲ. ಆಮ್ಲದ ತೊಟ್ಟಿಯಲ್ಲಿ ಕರೆಂಟು ಹರಿಸಿ ಆ ಲೋಹದಿಂದಲೇ ಬೆಳೆಸಿ, ಕಪ್ಪು ಕುಡಿಸಿದ ಆಕ್ಸೈಡ್ ಪದರ. ಗಟ್ಟಿ ಅನೋಡೈಸಿಂಗ್‌ನಲ್ಲಿ ಅದರ ದಪ್ಪ ಸುಮಾರು 50 ಮೈಕ್ರಾನ್. ಅರ್ಧ ಲೋಹದೊಳಗೆ ಇಳಿದಿರುತ್ತದೆ, ಅರ್ಧ ಮೇಲಕ್ಕೆ ಬೆಳೆದಿರುತ್ತದೆ.

ಇಲ್ಲಿ ದುಡುಕುವವರಲ್ಲಿ ಎರಡು ಬಗೆ. ಮೈ ನುಣ್ಣಗಿದೆ, ಒರೆಸಿ ಹೊಡೆದರಾಯಿತು ಎನ್ನುವವರು ಒಂದು ಬಗೆ. ಆ ನುಣುಪಿನ ಮೇಲೆ ಲೇಪಕ್ಕೆ ಹಿಡಿತವೇ ಸಿಗುವುದಿಲ್ಲ. ಹಳೆಯದನ್ನೆಲ್ಲ ಕಿತ್ತೇ ಹಾಕೋಣ ಎಂದು ಕಾಸ್ಟಿಕ್ ಸೋಡಾದಲ್ಲಿ ಅದ್ದುವವರು ಇನ್ನೊಂದು ಬಗೆ. ಪದರದ ಜೊತೆಗೆ ಅದು ನುಂಗಿದ್ದ ಲೋಹವೂ ಹೋಗಿ, ಪಿನ್ನಿನ ತೂತುಗಳು ಸಡಿಲವಾಗುತ್ತವೆ. ಹೊಸ ಲೇಪ ಹೆಚ್ಚೆಂದರೆ 25 ಮೈಕ್ರಾನ್. ಆ ನಷ್ಟ ಅದರಿಂದ ತುಂಬುವುದಿಲ್ಲ. ತುಕ್ಕಿಗೂ ಗೀರಿಗೂ ಜಗ್ಗದ ಆ ಪದರವನ್ನು ಉಳಿಸಿಕೊಂಡು, ಮೇಲ್ಮೈಯನ್ನಷ್ಟೇ ತರಿಯಾಗಿಸುವುದು ಜಾಣತನ.

ಮೊದಲು ಗುಂಡಿಲ್ಲವೆಂದು ಎರಡೆರಡು ಸಲ ನೋಡಿ, ಸ್ಪ್ರಿಂಗು, ಪಿನ್ನುಗಳನ್ನೂ ಬಿಡದೆ ಪೂರ್ತಿ ಬಿಚ್ಚಬೇಕು. ಆಮೇಲೆ ಅಸಿಟೋನ್‌ನಲ್ಲಿ ನೆನೆಸಿ ಜಿಡ್ಡು ತೆಗೆಯಬೇಕು. ಅಲ್ಲಿಂದಾಚೆಗೆ ಬರಿಗೈ ಸೋಕಕೂಡದು. ಒಂದು ಬೆರಳಚ್ಚಿನ ಎಣ್ಣೆ ಸಾಕು, ಲೇಪ ಅಲ್ಲೇ ಕಚ್ಚದೆ ಉಳಿಯುತ್ತದೆ. ಬಳಿಕ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಓವನ್ನು. ತಿರುಪಿನ ಎಳೆಯಲ್ಲಿ, ಮೂಲೆ ಸಂದಿಯಲ್ಲಿ ಅವಿತ ಎಣ್ಣೆ ಆಗ ಜಿನುಗಿ ಕಲೆಯಾಗಿ ಕಾಣುತ್ತದೆ. ಕಂಡರೆ ಬೇಸರಿಸದೆ ಮತ್ತೆ ಅಸಿಟೋನ್, ಮತ್ತೆ ಓವನ್.

ಆಮೇಲೆ ಗಾಳಿಯ ಒತ್ತಡದಲ್ಲಿ ಪುಡಿ ಎರಚಿ ಮೈಯನ್ನು ತರಿಯಾಗಿಸುವ ಬ್ಲಾಸ್ಟಿಂಗ್. ಅದಕ್ಕೆ 100 ಗ್ರಿಟ್ ಅಲ್ಯೂಮಿನಿಯಂ ಆಕ್ಸೈಡ್ ಪುಡಿ. ಗಾಜಿನ ಮಣಿ ಬೇಡ. ದುಂಡಗಿರುವ ಅದು ಮೈಯನ್ನು ತಟ್ಟುತ್ತದೆಯೇ ಹೊರತು ಕೆರೆಯುವುದಿಲ್ಲ. ಉಕ್ಕಿಗೆ ಕೊಡುವಷ್ಟು ಗಾಳಿಯ ಒತ್ತಡವೂ ಬೇಡ. ಒಂದೇ ಕಡೆ ನಿಲ್ಲದೆ ನಳಿಗೆ ಆಡುತ್ತಿರಬೇಕು. ಹೊಳಪು ಸತ್ತು ಎಲ್ಲೆಡೆ ಒಂದೇ ಸಮನೆ ಮಂಕು ಬೂದಿ ಬಣ್ಣ ಬಂದರೆ ಸರಿ. ಬೆಳ್ಳಿಯಂತೆ ಬಿಳಿ ಲೋಹ ಇಣುಕಿದರೆ ಕೈ ಮೀರಿತೆಂದೇ ಅರ್ಥ. ಸೀರಿಯಲ್ ನಂಬರಿನ ಮೇಲೆ ಇನ್ನೂ ಹುಷಾರಾಗಿರಬೇಕು. ಅಮೆರಿಕದ ಕಾನೂನಿನಲ್ಲಿ ಅದರ ಕೆತ್ತನೆಗೆ ಕನಿಷ್ಠ 0.003 ಅಂಗುಲ ಆಳವಿರಬೇಕು, ಅಳಿಸಿಹೋದರೆ ಅಪರಾಧ.

ಲೇಪ ಸ್ಪ್ರೇ ಮಾಡಿದ ಮೇಲೆ ಕೊನೆಯ ಕಾಯಿಸುವಿಕೆ 121 ಡಿಗ್ರಿಯಲ್ಲಿ ಎರಡು ಗಂಟೆ. 7075 ಲೋಹಕ್ಕೆ ಟಿ6 ಗಟ್ಟಿತನ ಬರುವುದೂ ಹೆಚ್ಚುಕಡಿಮೆ ಅದೇ ಶಾಖದಲ್ಲಿ ಇಡೀ ದಿನ ಇಟ್ಟಾಗ. ಹಾಗಾಗಿ ಬಲ ಕುಗ್ಗುವ ಭಯವಿಲ್ಲ. 180-200 ಡಿಗ್ರಿ ಕೇಳುವ ಪೌಡರ್ ಕೋಟಿಂಗ್‌ಗೆ ಈ ಮಾತು ಹೇಳಲಾಗದು.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬಂದೂಕು ರಿಪೇರಿಯ ವ್ಯಾಪಾರಕ್ಕೂ ಲೈಸೆನ್ಸ್ ಬೇಕು. ಆ ಕೆಲಸ ಲೈಸೆನ್ಸ್ ಇದ್ದವರಿಗೇ ಇರಲಿ. ಆದರೆ ಟಾರ್ಚು, ಕ್ಯಾಮೆರಾ ಟ್ರೈಪಾಡ್, ಬೈಕಿನ ಬಿಡಿಭಾಗಗಳಲ್ಲೂ ಇರುವುದು ಇದೇ ಅನೋಡೈಸ್ ಪದರ. ಅವನ್ನು ಲೇಪಕ್ಕೆ ಕೊಡುವಾಗ ಬಣ್ಣದ ಕಾರ್ಡ್ ಆಮೇಲೆ ನೋಡಿ. ಎಣ್ಣೆ ಹೇಗೆ ತೆಗೆಯುತ್ತೀರಿ, ಬ್ಲಾಸ್ಟಿಂಗ್‌ಗೆ ಯಾವ ಪುಡಿ ಎಂದು ಮೊದಲು ಕೇಳಿ. ಉತ್ತರ ತಡವರಿಸಿದರೆ ಬೇರೆ ಅಂಗಡಿ ಹುಡುಕಿ.