ಅಟ್ಟದ ಮೇಲೆ ಸಾಯುವ ಬ್ಯಾಟರಿ

ರಿಮೋಟ್ ದೋಣಿಯ ಹುಚ್ಚು ಹತ್ತಿದವರು ಬ್ಯಾಟರಿಯ ಮಾತು ಬಂದರೆ ಮೊದಲು ಕೇಳುವುದು ‘ಎಷ್ಟು ಹೊತ್ತು ಓಡುತ್ತೆ?’ ಎಂದು. ‘ಓಡಿಸಿ ಬಂದ ಮೇಲೆ ಹೇಗೆ ಇಡ್ತೀರಿ?’ ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ನಾನು ನೋಡಿದಂತೆ ಈ ಬ್ಯಾಟರಿಗಳು ಕೆರೆಯಲ್ಲಿ ಕೆಡುವುದು ಅಪರೂಪ. ಕೆಡುವುದೆಲ್ಲ ಅಟ್ಟದ ಮೇಲೆ, ಮಳೆ ಹಿಡಿದು ದೋಣಿ ಒಳಗೇ ಉಳಿದ ತಿಂಗಳುಗಳಲ್ಲಿ. ನಮ್ಮ ಹವ್ಯಾಸದ ಬ್ಯಾಟರಿ ಬಳಕೆಯನ್ನು ತೂಗಿ ನೋಡುವುದಾದರೆ ಅಲ್ಲಿಂದಲೇ ತೂಗಬೇಕು.

ಈಗ ಎಲ್ಲರೂ ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿಯ ಕಡೆ ಹೊರಳಿದ್ದಾರೆ. ನೀರನ್ನು ಸೀಳಿಕೊಂಡು ಹೋಗುವ ರೇಸ್ ದೋಣಿಗೆ ಅದು ಬೇಕೇ ಬೇಕು, ತಕರಾರಿಲ್ಲ. ಆದರೆ ಟಗ್, ಮೀನು ಹಿಡಿಯುವ ದೋಣಿ, ಸರಕು ಹಡಗುಗಳ ಮಾದರಿಗೂ ಅದನ್ನೇ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅಳತೆಗೆ ತಕ್ಕಂತೆ ಕಟ್ಟಿದ ಟಗ್ಗನ್ನು ಖಾಲಿ ನೀರಿಗಿಟ್ಟರೆ ಬಾತುಕೋಳಿಯಂತೆ ಮೇಲೆ ತೇಲುತ್ತದೆ. ಬಣ್ಣ ಬಳಿದ ಗೆರೆಯವರೆಗೆ ಅದು ಮುಳುಗಬೇಕಾದರೆ ಒಳಗೆ ಭಾರ ತುಂಬಲೇಬೇಕು. ಕಂಪ್ಯೂಟರ್ ಯುಪಿಎಸ್‌ಗೆ ಹಾಕುವ 12 ವೋಲ್ಟಿನ, 7 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ 2 ಕಿಲೋಗೂ ಮೀರಿ ತೂಗುತ್ತದೆ. ಯಾವ ಊರಿನಲ್ಲಾದರೂ ಸಿಗುತ್ತದೆ. ಭಾರವೂ ಅದೇ, ಕರೆಂಟೂ ಅದೇ. ಲಿಪೋ ಹಾಕಿ ಪಕ್ಕದಲ್ಲಿ ಮರಳಿನ ಚೀಲ ಇಡುವುದರಲ್ಲಿ ಏನು ಅರ್ಥ? ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತಂತಿಯಿಲ್ಲದೆ ನಡೆಸಿ ತೋರಿಸಿದ ದೋಣಿಯ ಹೊಟ್ಟೆಯಲ್ಲೂ ಮತ್ತೆ ಮತ್ತೆ ಚಾರ್ಜ್ ಮಾಡುವ ಬ್ಯಾಟರಿಯೇ ಇತ್ತು.

ಸೀಸದ ಬ್ಯಾಟರಿಯನ್ನು ಬೈಯುವವರಲ್ಲಿ ಬಹಳಷ್ಟು ಜನ ಅದರ ಮೇಲಿನ ಚೀಟಿಯನ್ನು ತಪ್ಪಾಗಿ ಓದಿಕೊಂಡವರು. 7 ಎಂದು ಬರೆದಿದೆ, ಮೋಟಾರ್ 7 ಆಂಪಿಯರ್ ಎಳೆಯುತ್ತದೆ, ಹಾಗಾದರೆ ಒಂದು ಗಂಟೆ ಎಂದು ಲೆಕ್ಕ ಹಾಕುತ್ತಾರೆ. ಆ 7 ಎಂಬುದು 20 ಗಂಟೆಯ ಲೆಕ್ಕ, ಗಂಟೆಗಟ್ಟಲೆ 0.35 ಆಂಪಿಯರ್‌ನಂತೆ ನಿಧಾನವಾಗಿ ಎಳೆದರೆ ಮಾತ್ರ ಸಿಗುವ ಮೊತ್ತ. ಅವಸರದಲ್ಲಿ ಎಳೆದಷ್ಟೂ ಒಟ್ಟು ಸಿಗುವುದೇ ಕಡಿಮೆ ಎಂಬುದನ್ನು ಜರ್ಮನಿಯ ಪ್ಯೂಕರ್ಟ್ 1897ರಲ್ಲೇ ಸೂತ್ರವಾಗಿ ಬರೆದಿಟ್ಟಿದ್ದಾರೆ. 7 ಆಂಪಿಯರ್ ಎಳೆದರೆ ಸುಮಾರು ಅರ್ಧ ಗಂಟೆಯಲ್ಲಿ ದೋಣಿ ನಡುಗೆರೆಯಲ್ಲಿ ನಿಂತುಬಿಡುತ್ತದೆ. ವೋಲ್ಟೇಜ್ 10.5ಕ್ಕೆ ಇಳಿಯುವ ಮೊದಲೇ ದಡಕ್ಕೆ ತಂದುಕೊಳ್ಳಬೇಕು.

ದಡಕ್ಕೆ ತಂದ ಮೇಲಿನದ್ದೇ ಮುಖ್ಯ. ಒಮ್ಮೆ ಮೇ ಕೊನೆಯಲ್ಲಿ ದೋಣಿ ಓಡಿಸಿ ಬಂದವನು, ನಾಳೆ ಚಾರ್ಜ್ ಮಾಡೋಣ ಎಂದು 6 ವೋಲ್ಟಿನ ಬ್ಯಾಟರಿಯನ್ನು ಅಟ್ಟಕ್ಕೆ ಹಾಕಿದೆ. ದಸರಾ ಮುಗಿದ ಮೇಲೆ ಇಳಿಸಿ ಮೀಟರ್ ಹಿಡಿದರೆ 4 ವೋಲ್ಟ್ ಕೂಡ ಇಲ್ಲ. ಚಾರ್ಜರ್‌ಗೆ ಹಾಕಿದರೂ ಕರೆಂಟು ಹಿಡಿಯಲಿಲ್ಲ. ಖಾಲಿಯಾದ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಅದು ಕರಗಿಹೋಗುತ್ತದೆ, ವಾರಗಟ್ಟಲೆ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಯಾವ ಉಪಾಯಕ್ಕೂ ಅದು ಪೂರಾ ಬಗ್ಗುವುದಿಲ್ಲ. ಸೀಸದ್ದು ಹೊಟ್ಟೆ ತುಂಬಿಕೊಂಡೇ ಮಲಗಬೇಕಾದ ಜಾತಿ.

ಲಿಪೋ ಇದಕ್ಕೆ ತದ್ವಿರುದ್ಧ. ತುಂಬಿದಾಗ ಸೆಲ್ ಒಂದಕ್ಕೆ 4.2 ವೋಲ್ಟ್, ಇಡುವಾಗ 3.8ರ ಆಸುಪಾಸು. ಶನಿವಾರ ರಾತ್ರಿ ಪೂರ್ತಿ ಚಾರ್ಜ್ ಮಾಡಿಟ್ಟು, ಭಾನುವಾರ ಮಳೆ ಬಂತೆಂದು ಹಾಗೇ ಬಿಟ್ಟು, ಮೂರು ವಾರ ಮರೆತರೆ ಪ್ಯಾಕ್ ಊದಿಕೊಳ್ಳಬಹುದು. ಒಳ್ಳೆಯ ಚಾರ್ಜರ್‌ಗಳಲ್ಲಿ ‘ಸ್ಟೋರೇಜ್’ ಎಂಬ ಆಯ್ಕೆಯೇ ಇದೆ. ಅದನ್ನು ಒತ್ತಿದವರು ಎಷ್ಟು ಜನ? ಇನ್ನೊಂದು ಕಡೆ, ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೂ ಕೆಡುತ್ತದೆ. ಸ್ಪೀಡ್ ಕಂಟ್ರೋಲರನ್ನು ನಿಕಲ್ ಬ್ಯಾಟರಿಗೆ ಹೊಂದಿಸಿಟ್ಟು ಲಿಪೋ ಜೋಡಿಸಿದರೆ ಅದು ಹೊತ್ತಿಗೆ ಸರಿಯಾಗಿ ಕರೆಂಟು ಕಡಿಯುವುದಿಲ್ಲ. ಊದಿದ ಪ್ಯಾಕನ್ನು ‘ಇನ್ನೊಂದು ಸಲ’ ಎಂದು ದೋಣಿಗೆ ಹಾಕುವುದು ಬೆಂಕಿಯ ಜೊತೆ ಸರಸ. ನಿಕಲ್ ಮೆಟಲ್ ಹೈಡ್ರೈಡ್ ಇವೆರಡರ ನಡುವಿನದು, ಸಾಧು. ಇಟ್ಟಲ್ಲೇ ಸೋರಿಹೋಗುತ್ತದೆ ಎಂಬುದೊಂದೇ ದೂರು.

ಬ್ಯಾಟರಿಯನ್ನು ದೋಣಿಯೊಳಗೇ ಬಿಟ್ಟು, ಡೆಕ್ ಮುಚ್ಚಿ ಚಾರ್ಜ್ ಮಾಡುವ ಅಭ್ಯಾಸವನ್ನು ನಾನು ಖಂಡಿಸುತ್ತೇನೆ. ಚಾರ್ಜ್ ಹೆಚ್ಚಾದರೆ ಸೀಸದ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಮುಚ್ಚಿದ ಹೊಟ್ಟೆಯಲ್ಲಿ ಅದು ತುಂಬಿಕೊಂಡರೆ ಮೋಟಾರಿನ ಒಂದು ಕಿಡಿ ಸಾಕು. ಯಾವ ಜಾತಿಯದೇ ಆಗಲಿ, ಹೊರಗೆ ತೆಗೆದು, ಸಿಮೆಂಟ್ ನೆಲದ ಮೇಲೆ, ಕಣ್ಣೆದುರಿಗೆ ಚಾರ್ಜ್ ಆಗಬೇಕು.

ಫ್ಯೂಸ್ ಇಲ್ಲದ ದೋಣಿಗಳನ್ನು ನೋಡಿದಾಗ ನನಗೆ ಸಿಟ್ಟೇ ಬರುತ್ತದೆ. ನಮ್ಮ ಕೆರೆಗಳಲ್ಲಿ ಜೊಂಡು, ಅಂತರಗಂಗೆಗಳಿಗೆ ಬರವಿಲ್ಲ. ಅವುಗಳ ಬೇರು ಪ್ರೊಪೆಲ್ಲರ್‌ಗೆ ಸುತ್ತಿಕೊಂಡು ಮೋಟಾರ್ ಸಿಕ್ಕಿಬಿದ್ದರೆ ಎಳೆಯುವ ಕರೆಂಟು ಎಷ್ಟೋ ಪಟ್ಟು ಏರುತ್ತದೆ, ವೈರ್ ಸುಡುತ್ತದೆ. ಬ್ಯಾಟರಿಯ ಪ್ಲಸ್ ತುದಿಗೆ ಹತ್ತಿರದಲ್ಲೇ ಒಂದು ಫ್ಯೂಸ್ ಇದ್ದರೆ ತಿಂಗಳುಗಟ್ಟಲೆ ಕೂತು ಕಟ್ಟಿದ ಹಡಗು ಉಳಿಯುತ್ತದೆ.

ಹಳೆಯ ಸೀಸದ ಬ್ಯಾಟರಿಗೆ ಗುಜರಿಯಲ್ಲಿ ದುಡ್ಡು ಸಿಗುವುದರಿಂದ ಅದು ಹೇಗೋ ಸರಿಯಾದ ದಾರಿ ಹಿಡಿಯುತ್ತದೆ. ಸತ್ತ ಲಿಪೋಗೆ ಯಾರೂ ಕಾಸು ಕೊಡುವುದಿಲ್ಲ, ಹಾಗಾಗಿ ಕಸದ ಬುಟ್ಟಿಗೆ ಬೀಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದವರು ಅದನ್ನು ಮನೆಯ ಕಸದಿಂದ ಬೇರೆ ಇಟ್ಟು, ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಇದನ್ನು ಓದಿದವರು ಇವತ್ತೇ ಅಟ್ಟದಿಂದ ಬ್ಯಾಟರಿ ಇಳಿಸಿ ಮೀಟರ್ ಹಿಡಿಯಿರಿ. 12 ವೋಲ್ಟಿನ ಸೀಸದ್ದು 12.4ಕ್ಕಿಂತ ಕೆಳಗಿದ್ದರೆ ನಾಳೆಯವರೆಗೆ ಕಾಯಬೇಡಿ.