ಭಯವಿಲ್ಲದವನ ಮೆದುಳು, ಬಂಡೆ ಹತ್ತುವವನ ಬದುಕು

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಅರ್ಧದವರೆಗೆ ಹತ್ತುವುದು ದೊಡ್ಡ ಮಾತಲ್ಲ. ಅಲ್ಲಿಂದ ಮೇಲೆ ಬಂಡೆಯಲ್ಲೇ ಕೊರೆದ ಕಿರಿದಾದ ಮೆಟ್ಟಿಲುಗಳು. ಕೈಯೂರಿ, ಮೈ ಬಗ್ಗಿಸಿ ಏರಬೇಕಾದ ಜಾಗಗಳು. ಕೆಳಗೆ ನೋಡಿ ತಲೆ ತಿರುಗಿ ಹಿಂದಿರುಗುವವರು ಬಹಳ. 'ಫ್ರೀ ಸೋಲೋ' (2018) ಸಾಕ್ಷ್ಯಚಿತ್ರ ನೋಡುತ್ತಿದ್ದಾಗ ನನಗೆ ನೆನಪಾದದ್ದು ಅವರೇ.

ಅಮೆರಿಕದ ಅಲೆಕ್ಸ್ ಹೊನಾಲ್ಡ್ 2017ರ ಜೂನ್ 3ರಂದು ಯೊಸೆಮಿಟಿಯ ಎಲ್ ಕ್ಯಾಪಿಟನ್ ಎಂಬ ಸುಮಾರು 3000 ಅಡಿಯ ಕಡಿದಾದ ಬಂಡೆಯನ್ನು ಹಗ್ಗವಿಲ್ಲದೆ, ನಾಲ್ಕು ಗಂಟೆಗೂ ಕಡಿಮೆ ಸಮಯದಲ್ಲಿ ಏರಿದ ಕಥೆಯಿದು. 2019ರಲ್ಲಿ ಆಸ್ಕರ್ ಕೂಡ ಬಂತು. ಛಾಯಾಗ್ರಹಣದ ಬಗ್ಗೆ ತಕರಾರಿಲ್ಲ, ಅಂಗೈ ಬೆವರುತ್ತದೆ. ತಕರಾರಿರುವುದು 'ಇವನು ಯಾಕೆ ಹತ್ತುತ್ತಾನೆ?' ಎಂಬ ಪ್ರಶ್ನೆಗೆ ಚಿತ್ರ ಹುಡುಕುವ ಉತ್ತರದ ಬಗ್ಗೆ. ಅವನನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಲಾಗುತ್ತದೆ. ಭಯಕ್ಕೆ ಸ್ಪಂದಿಸುವ ಅಮಿಗ್ಡಲ ಎಂಬ ಭಾಗ ಆ ಚಿತ್ರಗಳಿಗೆ ಮಿಡಿಯಲಿಲ್ಲ ಎಂದು ತಿಳಿದಾಗ ಪ್ರೇಕ್ಷಕನಿಗೆ ಒಂಥರಾ ಸಮಾಧಾನ. ಓಹ್, ಅವನ ಜಾತಿಯೇ ಬೇರೆ!

ಆದರೆ ಅದೇ ಚಿತ್ರ ತೋರಿಸುವ ಇನ್ನೊಂದು ಸಂಗತಿ ಈ ಉತ್ತರವನ್ನು ಅಲುಗಾಡಿಸುತ್ತದೆ. ಅವನು ಆ ದಾರಿಯನ್ನು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಹತ್ತಿದ್ದ. ಯಾವ ಬಿರುಕಿಗೆ ಯಾವ ಬೆರಳು ಎಂದು ಬರೆದಿಟ್ಟುಕೊಂಡಿದ್ದ. 2016ರಲ್ಲಿ ಒಮ್ಮೆ ಹೊರಟು, ಮನಸ್ಸು ಒಪ್ಪದೆ ಇಳಿದುಬಿಟ್ಟ. ಭಯವೇ ಇಲ್ಲದವನು ಹಿಂದಿರುಗುತ್ತಾನೆಯೇ? ಚಿತ್ರದ ಅತ್ಯಂತ ಪ್ರಾಮಾಣಿಕ ಗಳಿಗೆ ಅದು. ಅದನ್ನು ಮುಂದಿನ ಗೆಲುವಿನ ಮುನ್ನುಡಿಯಾಗಿ ಬಳಸಿಕೊಂಡದ್ದು ಬೇಸರದ ಸಂಗತಿ.

ಮಾರ್ವಿನ್ ಝುಕರ್‌ಮನ್ 1960ರ ದಶಕದಲ್ಲೇ ರೋಮಾಂಚನದ ಹಸಿವನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದ್ದರು. 1975ರ ಪುಸ್ತಕವೊಂದರಲ್ಲಿ ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಬಂಡೆ ಹತ್ತುವವರನ್ನು ಚದುರಂಗದವರು, ಶಸ್ತ್ರಚಿಕಿತ್ಸಕರ ಜೊತೆ ಕೂರಿಸಿದರು: ಸವಾಲು ಮತ್ತು ಕೌಶಲ ಸರಿದೂಗಿದಾಗ ಮನುಷ್ಯ ಕೆಲಸದಲ್ಲೇ ಕರಗಿಹೋಗುತ್ತಾನೆ. ಹೊನಾಲ್ಡ್‌ಗೆ ಈ ಎರಡನೆಯದೇ ಹೆಚ್ಚು ಹೊಂದುತ್ತದೆ.

ಆದರೂ ನಮ್ಮ ಕಡೆಯ ಬಂಡೆಗಳಿಗೆ ಇದು ಪೂರ್ತಿ ಸಾಲದು. ಸಿರಾ ದಾಟಿದರೆ ಚಿತ್ರದುರ್ಗ. ಅಲ್ಲಿನ ಕೋಟೆ ಗೋಡೆಯನ್ನು ಹಗ್ಗವಿಲ್ಲದೆ ಏರುವ ಜ್ಯೋತಿರಾಜ್, ಅಂದರೆ ನಮ್ಮ ಕೋತಿರಾಜ್, ಬದುಕೇ ಬೇಡವೆನಿಸಿ ಅಲ್ಲಿಗೆ ಹೋಗಿದ್ದೆ, ಕೋತಿ ಹತ್ತುವುದನ್ನು ನೋಡಿ ಹತ್ತಲು ಕಲಿತೆ ಎಂದು ತಾವೇ ಹೇಳಿಕೊಂಡಿದ್ದಾರೆ. ಕೂಲಿ ಮಾಡಿದವನಿಗೆ ಆ ಗೋಡೆ ಹೆಸರನ್ನು ಕೊಟ್ಟಿತು, ಕೆಳಗೆ ನಿಂತು ಚಪ್ಪಾಳೆ ತಟ್ಟುವ ಜನರನ್ನು ಕೊಟ್ಟಿತು. ಇದನ್ನು ಯಾವ ಸ್ಕ್ಯಾನಿಂಗ್ ಯಂತ್ರ ತೋರಿಸೀತು? ಕೊರಟಗೆರೆಯ ಸಿದ್ಧರಬೆಟ್ಟವನ್ನು ಮಂಡಿ ಹಿಡಿದುಕೊಂಡು ಹತ್ತುವ ಅಜ್ಜಿಯರದ್ದು ಹರಕೆ. ಪಾವಗಡದ ಗುಡ್ಡದಲ್ಲಿ ಆಡಿನ ಹಿಂದೆ ಓಡುವ ಹುಡುಗನದ್ದು ಹೊಟ್ಟೆಪಾಡು. ಅವನನ್ನು ಯಾರೂ ಸಾಹಸಿ ಎನ್ನುವುದಿಲ್ಲ.

ಬಂಡೆಯನ್ನು ಆಯ್ಕೆ ಮಾಡಿಕೊಳ್ಳುವುದೂ ಒಂದು ಸವಲತ್ತು. 1763ರಲ್ಲಿ ಬಿದನೂರು ಬಿದ್ದ ಮೇಲೆ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಇದೇ ಮಧುಗಿರಿಯಲ್ಲಿ. ನಾವು ವಾರದ ಕೊನೆಗೆ ಏರಿ ಸೆಲ್ಫಿ ತೆಗೆದುಕೊಳ್ಳುವ ಬೆಟ್ಟ ಆಕೆಗೆ ಇಳಿಯಲಾಗದ ಜೈಲಾಗಿತ್ತು.