ಆತ್ಮಕಥೆಯಲ್ಲಿ ಮನೆಯ ಪಾಠ

ಕಳೆದ ಶ್ರಾವಣಮಾಸದಲ್ಲಿ ನಮ್ಮ ಸಂಘದ ವಾಚನಾಲಯಕ್ಕೆ ಯುವದಂಪತಿಗಳಿಬ್ಬರು ಬಂದಿದ್ದರು. ಏಳು ವರ್ಷದ ಮಗನನ್ನೂ ನಾಲ್ಕು ವರ್ಷದ ಮಗಳನ್ನೂ ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುತ್ತಿರುವರಂತೆ. ಮುಂದೆ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಿಸುವ ಯೋಚನೆಯಂತೆ. ಪಾಠಕ್ಕಾಗಿ ಆ ತಾಯಿ ತಮ್ಮ ಉದ್ಯೋಗವನ್ನು ಬಿಟ್ಟಿರುವರು. ಗಂಡನ ಒಂದು ಸಂಬಳದಲ್ಲಿ ಮನೆ ನಡೆಯಬೇಕು. “ನಮ್ಮ ಹಾಗೆ ಮಾಡಿದವರು ಬರೆದಿಟ್ಟದ್ದು ಏನಾದರೂ ಇದೆಯೇ, ಮೇಷ್ಟ್ರೇ?” ಎಂದು ಆಕೆ ಕೇಳಿದರು. ಮೂವತ್ತೈದು ವರ್ಷ ಶಾಲೆಯ ಗಂಟೆಯ ಸದ್ದಿಗೆ ಎದ್ದು ಕುಳಿತ ನನ್ನಂಥವನನ್ನು ಈ ಪ್ರಶ್ನೆ ಕೇಳಬೇಕಾದರೆ ಧೈರ್ಯ ಬೇಕು. ನಾನು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಕನ್ನಡಿಸಿದ ಗಾಂಧಿಯವರ ಆತ್ಮಕಥೆಯನ್ನು ಕೊಟ್ಟು, ಯಾವ ಯಾವ ಅಧ್ಯಾಯಗಳನ್ನು ಓದಬೇಕೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಳುಹಿಸಿದೆನು. ಅನಂತರ ನಾನು ಕೊಟ್ಟದ್ದು ಸರಿಯೇ ಎಂಬ ಸಂಶಯ ಹುಟ್ಟಿ, ಮನೆಯಲ್ಲಿದ್ದ ಇನ್ನೊಂದು ಪ್ರತಿಯನ್ನು ತೆರೆದು ಅವೇ ಅಧ್ಯಾಯಗಳನ್ನು ಮತ್ತೆ ಓದಿದೆನು. ಆ ಓದಿನಿಂದ ಹುಟ್ಟಿದ ವಿಮರ್ಶೆಯಿದು.

1925ರಿಂದ ‘ನವಜೀವನ’ ಪತ್ರಿಕೆಯಲ್ಲಿ ವಾರವಾರವೂ ಬಂದ ಈ ಗ್ರಂಥದ ಮೂರನೆಯ ಭಾಗದಲ್ಲಿ ಮಕ್ಕಳ ವಿದ್ಯಾಭ್ಯಾಸವನ್ನು ಕುರಿತ ಒಂದು ಅಧ್ಯಾಯವೂ, ನಾಲ್ಕನೆಯ ಭಾಗದಲ್ಲಿ ಜೋಹಾನ್ಸ್‌ಬರ್ಗಿನ ಮನೆಯ ಒಳಗನ್ನು ತೋರಿಸುವ ಒಂದು ಅಧ್ಯಾಯವೂ, ಟಾಲ್‌ಸ್ಟಾಯ್ ಕ್ಷೇತ್ರದ ಶಾಲೆಯನ್ನು ಕುರಿತ ಕೆಲವು ಅಧ್ಯಾಯಗಳೂ ಇವೆ. ಇವನ್ನು ಶಿಕ್ಷಣತತ್ತ್ವವೆಂದು ಓದುವುದು ವಾಡಿಕೆ. ಉಪಾಧ್ಯಾಯರ ತರಬೇತಿಯಲ್ಲಿ ನಾನೂ ಹಾಗೆಯೇ ಓದಿ ಪರೀಕ್ಷೆಯಲ್ಲಿ ಉತ್ತರ ಬರೆದಿದ್ದೆನು. ಈ ಸಾರಿ ಒಂದು ಸಂಸಾರದ ಜಮಾಖರ್ಚಿನ ಪುಸ್ತಕವೆಂದು ಓದಿದೆನು. ಹಾಗೆ ಓದಿದಾಗ ಕಾಣುವ ಗುಣವೂ ಬೇರೆ, ದೋಷವೂ ಬೇರೆ.

1897ರ ಜನವರಿಯಲ್ಲಿ ಗಾಂಧಿಯವರು ಡರ್ಬನ್ನಿನಲ್ಲಿ ಇಳಿದಾಗ ಅವರೊಡನೆ ಮೂವರು ಹುಡುಗರಿದ್ದರು: ಹತ್ತು ವರ್ಷದ ಸೋದರಳಿಯ, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು. ಬಿಳಿಯರ ಶಾಲೆಗೆ ಅವರನ್ನು ಸೇರಿಸಬಹುದಿತ್ತು; ಆದರೆ ಅದು ಅವರೊಬ್ಬರಿಗೆ ತೋರಿಸುವ ದಾಕ್ಷಿಣ್ಯವಾಗುತ್ತಿತ್ತೇ ಹೊರತು ಉಳಿದ ಭಾರತೀಯರ ಮಕ್ಕಳಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಮಿಷನ್ ಶಾಲೆಗಳ ಪಾಠಕ್ರಮ ಅವರಿಗೆ ಒಪ್ಪಿಗೆಯಾಗಲಿಲ್ಲ. ಗುಜರಾತಿ ಕಲಿಸುವ ಉಪಾಧ್ಯಾಯರು ಸಿಕ್ಕಲಿಲ್ಲ. ಕೊನೆಗೆ ತಿಂಗಳಿಗೆ 7 ಪೌಂಡು ಸಂಬಳದ ಮೇಲೆ ಒಬ್ಬ ಆಂಗ್ಲ ಶಿಕ್ಷಕಿಯನ್ನು ಗೊತ್ತುಮಾಡಿದರು, ಅದೂ ತೃಪ್ತಿಕೊಡಲಿಲ್ಲ. ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಬಾರದೆಂಬ ನಂಬಿಕೆಯಿಂದ ಅವರನ್ನು ಊರಿಗೂ ಕಳುಹಿಸಲೊಲ್ಲರು. ಇಬ್ಬರನ್ನು ಕೆಲವು ತಿಂಗಳು ಭಾರತದ ವಸತಿಶಾಲೆಗಳಿಗೆ ಕಳುಹಿಸಿ ಮತ್ತೆ ಕರೆಸಿಕೊಂಡರು. ಮನೆಯಲ್ಲಿಯೇ ಕಲಿಸುವವರು ಬಹುಮಟ್ಟಿಗೆ ಹೀಗೆಯೇ ಆ ದಾರಿಗೆ ಬಂದು ಬೀಳುವರು: ಒಂದು ಬಾಗಿಲು ಒಲ್ಲೆವೆಂದು, ಇನ್ನೊಂದು ಸಿಕ್ಕದೆಂದು, ಮೂರನೆಯದು ಸಾಲದೆಂದು. ಇದನ್ನು ಗಾಂಧಿಯವರು ಯಾವ ಘನವಾದ ಸಿದ್ಧಾಂತವನ್ನೂ ಮುಂದಿಡದೆ, ನಡೆದಂತೆ ಹೇಳಿರುವರು. ಬರವಣಿಗೆಯ ಔಚಿತ್ಯವೆಂದರೆ ಇದೇ.

ಜೋಹಾನ್ಸ್‌ಬರ್ಗಿನ ಅಧ್ಯಾಯಕ್ಕೆ ಬಂದರೆ ಅಲ್ಲಿ ಮತ್ತೊಂದು 7 ಪೌಂಡು ಕಾಣುತ್ತದೆ. ಗಿರಣಿಯ ಹಿಟ್ಟು ಬೇಡವೆಂದು ಅಷ್ಟು ಹಣ ಕೊಟ್ಟು ಒಂದು ಕೈಬೀಸುವ ಯಂತ್ರವನ್ನು ಕೊಂಡರು. ಅದರ ಕಬ್ಬಿಣದ ಚಕ್ರ ಒಬ್ಬನಿಂದ ತಿರುಗದಷ್ಟು ಭಾರ; ಗಾಂಧಿಯವರೂ ಅವರ ಗೆಳೆಯ ಪೋಲಕರೂ ಮಕ್ಕಳೂ ಸೇರಿ ತಿರುಗಿಸುತ್ತಿದ್ದರು. ಮನೆಗೊಬ್ಬ ಆಳು ಇದ್ದರೂ ಮಕ್ಕಳು ಅವನ ಕೆಲಸದಲ್ಲಿ ಕೈಗೂಡಿಸುತ್ತಿದ್ದರು. ಕಕ್ಕಸನ್ನು ಮನೆಯವರೇ ತೊಳೆಯುತ್ತಿದ್ದರು. ಈ ಕೆಲಸಗಳಿಂದ ಮಕ್ಕಳ ಮೈ ಗಟ್ಟಿಯಾಯಿತು, ಯಾವ ಕೆಲಸದಲ್ಲಿಯೂ ಅಸಹ್ಯವಿಲ್ಲದೆ ಬೆಳೆದರು ಎಂಬುದು ಅವರ ಸಂತೋಷ.

ಶಿಕ್ಷಕಿಯ ಒಂದು ತಿಂಗಳ ಸಂಬಳವೂ ಬೀಸುವ ಯಂತ್ರದ ಬೆಲೆಯೂ ಒಂದೇ. ಎಷ್ಟೋ ವರ್ಷಗಳ ಮೇಲೆ ಬರೆಯುವಾಗ ಈ ಎರಡು ಮೊತ್ತಗಳೂ ಗ್ರಂಥಕರ್ತರಿಗೆ ನೆನಪಿವೆ. ಆದರೆ ಮಕ್ಕಳೊಡನೆ ಪುಸ್ತಕ ಹಿಡಿದು ಕುಳಿತ ಹೊತ್ತು ಎಷ್ಟು ಎಂಬುದಕ್ಕೆ ಲೆಕ್ಕವಿಲ್ಲ. ಏಕೆಂದರೆ ಲೆಕ್ಕವಿಡುವಷ್ಟು ಹೊತ್ತು ಸಿಕ್ಕಲಿಲ್ಲ. ಬೇರೆ ಉಪಾಧ್ಯಾಯರಿರಲಿಲ್ಲವಾದುದರಿಂದ ಹುಡುಗರು ತಂದೆಯೊಡನೆ ಕಛೇರಿಯವರೆಗೆ ನಡೆದು ಹಿಂದಿರುಗುತ್ತಿದ್ದರು; ಹೋಗಿ ಬರುವುದೆಲ್ಲ ಸೇರಿ ಸುಮಾರು 5 ಮೈಲಿ. ದಾರಿಯಲ್ಲಿ ಬೇರೆ ಯಾರೂ ಮಾತಿಗೆ ಬಾರದಿದ್ದರೆ ಪಾಠ. ಬಾರದಿದ್ದರೆ! ಈ ಒಂದು ಷರತ್ತಿನಲ್ಲಿ ಇಡೀ ಅಧ್ಯಾಯದ ಧ್ವನಿಯಿದೆ. ಪ್ರತಿದಿನವೂ ತಪ್ಪದೆ ಒಂದು ಗಂಟೆ ಕೊಟ್ಟಿದ್ದರೆ ತಮ್ಮ ಮಕ್ಕಳಿಗೆ ಆದರ್ಶವಾದ ವಿದ್ಯೆ ದೊರೆಯುತ್ತಿತ್ತು ಎಂದು ಅವರೇ ಒಪ್ಪಿಕೊಂಡಿರುವರು. ಹಣದ ಮಿತವ್ಯಯವನ್ನು ಕುರಿತು ಆತ್ಮಕಥೆಯಲ್ಲಿ ಎಷ್ಟೋ ಪುಟಗಳಿವೆ, ಕೊರಳಪಟ್ಟಿಯನ್ನು ತಾವೇ ಒಗೆದುಕೊಂಡ ಕಥೆಯವರೆಗೆ. ಅವೆಲ್ಲಕ್ಕಿಂತ ಈ ಒಂದು ಗಂಟೆಯ ಬಡತನವೇ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಲೇಬೇಕು. ಗಾಂಧಿಯವರ ಬಡತನ ಆಯ್ದುಕೊಂಡದ್ದು. ಆ ಕಾಲದಲ್ಲಿ ಅವರ ವಕೀಲಿ ಚೆನ್ನಾಗಿ ನಡೆಯುತ್ತಿತ್ತು. ಬೇಕೆಂದರೆ ಮತ್ತೊಬ್ಬ ಶಿಕ್ಷಕನನ್ನು ಇಟ್ಟುಕೊಳ್ಳಬಹುದಾಗಿತ್ತು. ಅಕ್ಕಿಯ ಡಬ್ಬಿಯ ತಳವನ್ನು ನೋಡಿ ಮಕ್ಕಳ ಪಾಟಿಗೆ ಹಣ ತೆಗೆದಿಡುವ ಮನೆಯ ಅನುಭವ ಈ ಪುಟಗಳಲ್ಲಿಲ್ಲ. ನನ್ನ ಚೀಟಿಯನ್ನು ಹಿಡಿದುಕೊಂಡು ಹೋದ ತಾಯಿ ಇದನ್ನು ಕೂಡಲೇ ಕಂಡಿರಬೇಕು.

ಮಕ್ಕಳ ಅಸಮಾಧಾನಕ್ಕೆ ಗ್ರಂಥಕರ್ತರು ಎರಡು ಕಡೆ ಉತ್ತರ ಕೊಟ್ಟಿರುವರು. ಎರಡನ್ನೂ ಹೋಲಿಸಿ ನೋಡತಕ್ಕದ್ದು. ಮೂರನೆಯ ಭಾಗದಲ್ಲಿ ಅವರು ವಾದಿಸುವರು: ಮಕ್ಕಳಿಗೆ ಅಕ್ಷರವಿದ್ಯೆ ಕಡಿಮೆಯಾಗಿದ್ದರೂ ತಂದೆತಾಯಿಗಳ ಸಹವಾಸದಿಂದ ದೊರೆತದ್ದು ಹೆಚ್ಚಿನದು, ಪರದೇಶದಲ್ಲಿ ಓದಿಬಂದ ತರುಣರಿಗಿಂತ ಅವರು ಕೀಳಲ್ಲ. ಅಲ್ಲಿಂದ ವಾಕ್ಯ ಮನೆಯನ್ನು ಬಿಟ್ಟು ಹೊರಟು, 1920ರಲ್ಲಿ ಸರಕಾರದ ಶಾಲೆ ಕಾಲೇಜುಗಳನ್ನು ತೊರೆಯಿರೆಂದು ತರುಣರಿಗೆ ಕೊಟ್ಟ ಕರೆಯನ್ನೂ ಸ್ವಾತಂತ್ರ್ಯದ ಮಹಿಮೆಯನ್ನೂ ಮುಟ್ಟುತ್ತದೆ. ಮಾತು ದೊಡ್ಡದಾಗಿದೆ, ನಿಜವೂ ಆಗಿದೆ. ಆದರೆ ಪೂರ್ವಪಕ್ಷವನ್ನು ಹೂಡಿದವನು ದೇಶವಲ್ಲ, ಒಬ್ಬ ಮಗ. ಮಗ ಕೇಳಿದ ಪ್ರಶ್ನೆಗೆ ದೇಶದ ಮುಖವಾಗಿ ಉತ್ತರ ಹೇಳುವುದು ವಕೀಲರ ಜಾಣ್ಮೆ. ನಾಲ್ಕನೆಯ ಭಾಗದಲ್ಲಿಯಾದರೋ ಸ್ವರ ಇಳಿದಿದೆ. ಮಕ್ಕಳ ಓದನ್ನು ತಾವು ಬಲಿಕೊಟ್ಟುದು ನಿಜ, ಅವರು ದೂರಿದರೆ ಅದಕ್ಕೆ ಕಾರಣವಿದೆ, ತಾವು ಒಂದು ಮಟ್ಟಿಗೆ ತಪ್ಪಿತಸ್ಥರು, ಜನಸೇವೆಯೆಂದು ತಾವು ನಂಬಿದ್ದಕ್ಕಾಗಿ ಹಾಗೆ ಮಾಡಿದ್ದು, ಆ ನಂಬಿಕೆ ತಪ್ಪಾಗಿದ್ದಿರಲೂಬಹುದು ಎಂಬಷ್ಟನ್ನು ಹೇಳಿ ಮುಗಿಸುವರು. ಇಲ್ಲಿ ಮಾತನಾಡುವವರು ತಂದೆ. ಅದೇ ಸಂಗತಿಯನ್ನು ಎರಡನೆಯ ಸಲ ಬರೆಯುವಾಗ ಇಷ್ಟು ತಗ್ಗಿ ಬರೆದವರು ವಿರಳ. ನನ್ನ ಮಟ್ಟಿಗೆ ಮೂರನೆಯ ಭಾಗದ ಆ ಅಧ್ಯಾಯದ ಕೊನೆ ದುರ್ಬಲವಾದುದು. ನಾಲ್ಕನೆಯ ಭಾಗದ ಅಧ್ಯಾಯ ಗ್ರಂಥದ ಶ್ರೇಷ್ಠ ಭಾಗಗಳಲ್ಲಿ ಒಂದು.

ಆ ಮಗ ಹರಿಲಾಲರು 1888ರಲ್ಲಿ ಹುಟ್ಟಿದವರು. ಮದುವೆಯಾಗಿ ಮಕ್ಕಳಾದ ಮೇಲೆ, 1911ರಲ್ಲಿ, ತಂದೆಯನ್ನು ಬಿಟ್ಟು ಅಹಮದಾಬಾದಿಗೆ ಬಂದು ಪ್ರೌಢಶಾಲೆಯ ಹುಡುಗರ ನಡುವೆ ಕುಳಿತರು. ಇಪ್ಪತ್ತಮೂರು ವರ್ಷದ ಗೃಹಸ್ಥನು ಹುಡುಗರ ಬೆಂಚಿನಲ್ಲಿ! ಆತ್ಮಕಥೆಯಲ್ಲಿ ಇದಕ್ಕೆ ದೊರೆತಿರುವುದು ಒಂದೇ ವಾಕ್ಯದಷ್ಟು ಸ್ಥಳ. ತಂದೆ ತೀರಿಕೊಂಡ ಐದು ತಿಂಗಳೊಳಗೆ, 1948ರ ಜೂನಿನಲ್ಲಿ, ಅವರೂ ತೀರಿಕೊಂಡರು. ಅವರ ಪಾಡನ್ನು ತಿಳಿಯಬೇಕಾದವರು ಚಂದುಲಾಲ ದಲಾಲರು ಗುಜರಾತಿಯಲ್ಲಿ ಬರೆದ ಚರಿತ್ರೆಯನ್ನು ನೋಡಬೇಕು. ಅದೇ ಮನೆಯ ಪಾಠದಲ್ಲಿ ಬೆಳೆದ ಮಣಿಲಾಲರು 1956ರಲ್ಲಿ ಸಾಯುವವರೆಗೂ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯನ್ನು ನಡೆಸಿದರು. ದೇವದಾಸರು ‘ಹಿಂದುಸ್ತಾನ್ ಟೈಮ್ಸ್’ ಪತ್ರಿಕೆಯ ಸಂಪಾದಕರಾದರು. ಮನೆಯ ಪಾಠ ಗೆದ್ದಿತೆನ್ನುವವರಿಗೆ ಇವರು ಸಾಕ್ಷಿ, ಸೋತಿತೆನ್ನುವವರಿಗೆ ಅವರು ಸಾಕ್ಷಿ. ಇಂಥ ಸಾಕ್ಷ್ಯದಿಂದ ತೀರ್ಪು ಹೇಳಲು ನಾನೊಲ್ಲೆನು.

ಟಾಲ್‌ಸ್ಟಾಯ್ ಕ್ಷೇತ್ರದ ಅಧ್ಯಾಯಗಳಲ್ಲಿ ಬರವಣಿಗೆ ಹಗುರವಾಗುತ್ತದೆ. ಜೋಹಾನ್ಸ್‌ಬರ್ಗಿನಿಂದ 21 ಮೈಲಿ ದೂರದಲ್ಲಿ, ಕಾಲನ್‌ಬಾಖರು 1910ರಲ್ಲಿ ಕೊಂಡುಕೊಟ್ಟ ಸುಮಾರು 1,100 ಎಕರೆ ಜಮೀನಿನಲ್ಲಿ ಸತ್ಯಾಗ್ರಹಿಗಳ ಸಂಸಾರಗಳೆಲ್ಲ ಒಂದೇ ಮನೆಯವರಂತೆ ಬಾಳಿದವು. ಮಕ್ಕಳ ಪಾಠವೂ ಅಲ್ಲಿಯೇ. ಬೆಳಗ್ಗೆ ತೋಟದ ಕೆಲಸ, ಊಟವಾದ ಮೇಲೆ ಹೆಚ್ಚೆಂದರೆ ಮೂರು ಅವಧಿಯ ಪಾಠ. ಗುರುಶಿಷ್ಯರಿಬ್ಬರಿಗೂ ತೂಕಡಿಕೆ. ಗುರುಗಳ ಬಂಡವಾಳವನ್ನು ಅವರೇ ಎಣಿಸಿ ಹೇಳಿರುವರು: ತಮಿಳು, ಹಡಗಿನಲ್ಲಿಯೂ ಸೆರೆಮನೆಯಲ್ಲಿಯೂ ಪೋಪ್ ಪಂಡಿತರ ಕೈಪಿಡಿಯಿಂದ ಕಲಿತಷ್ಟು, ಉರ್ದು ಲಿಪಿ, ಒಂದೇ ಸಮುದ್ರಯಾನದಲ್ಲಿ ಕಲಿತದ್ದು, ಸಂಸ್ಕೃತ, ಪ್ರೌಢಶಾಲೆಯಲ್ಲಿ ಕಲಿತಷ್ಟೇ. ತಮಿಳರು ಯಾರಾದರೂ ಬಂದರೆ ಶಿಷ್ಯರೇ ಗುರುವಿಗೆ ದುಭಾಷಿಗಳು. ತಮ್ಮ ಅಜ್ಞಾನವನ್ನು ಮರೆಮಾಡದೆ ಇದ್ದುದರಿಂದ ಹುಡುಗರ ಪ್ರೀತಿ ಕಡಿಮೆಯಾಗಲಿಲ್ಲವೆಂದು ಬರೆದಿರುವರು. ಸಂಸ್ಕೃತದ ಮಾತು ಬಂದಲ್ಲಿ ನನಗೆ ನಗೆ ಬಂದಿತು. ಆ ಬಂಡವಾಳದಿಂದ ನಮ್ಮ ಪಾಠಶಾಲೆಯ ಬಾಗಿಲನ್ನು ಕೂಡ ದಾಟುವಂತಿರಲಿಲ್ಲ! ಆದರೂ ಪಠ್ಯಪುಸ್ತಕವನ್ನು ಬದಿಗಿಟ್ಟು ಬಾಯಿಂದ ಹೇಳಿದ್ದು ಮಕ್ಕಳಲ್ಲಿ ನಿಂತಿತೆಂದು ಅವರು ಹೇಳುವಾಗ ಎದುರಾಡಲಾರೆ. ಅಮರಕೋಶವನ್ನು ನಾವು ಕಣ್ಣಿಂದ ಕಾಣುವ ಮೊದಲು ಕಿವಿಯಿಂದಲೇ ಕಲಿತವರು.

ಅಲ್ಲಿಯೇ ಹದಿನೇಳು ವರ್ಷದ ಪುಂಡ ಹುಡುಗನನ್ನು ರೂಲುದೊಣ್ಣೆಯಿಂದ ಹೊಡೆದ ಪ್ರಸಂಗವಿದೆ. ಹೊಡೆಯುವಾಗ ಗುರುವಿನ ಕೈ ನಡುಗಿತು. ಹಾಗೆ ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ಬರೆಯುವ ಹೊತ್ತಿಗೂ ಅವರು ನಿರ್ಣಯಿಸಿರಲಿಲ್ಲ. ನಾನೂ ಹೊಡೆದಿದ್ದೇನೆ, ಹೊಡೆಸಿಕೊಂಡೂ ಇದ್ದೇನೆ. ನನ್ನ ಕೈ ನಡುಗಿದ ನೆನಪಿಲ್ಲ.

ಗ್ರಂಥದ ದೊಡ್ಡ ಕೊರತೆಯನ್ನು ಹೇಳುವ ಮೊದಲು ನನ್ನ ಮನೆಯ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಮಲೆನಾಡಿನ ಒಂದು ಹಳ್ಳಿಗೆ ನನಗೆ ವರ್ಗವಾದಾಗ ಪ್ರೌಢಶಾಲೆ ಹೊಳೆಯ ಆಚೆ ಇತ್ತು, ಮಳೆಗಾಲದಲ್ಲಿ ದಾಟುವಂತಿಲ್ಲ. ವಸತಿಗೆ ಬಿಟ್ಟು ಓದಿಸುವಷ್ಟು ಸಂಬಳವಿಲ್ಲ. ಎರಡನೆಯ ಮಗಳನ್ನು ಮೂರು ವರ್ಷ ಮನೆಯಲ್ಲಿಯೇ ಇರಿಸಿಕೊಂಡು ನಾನೇ ಪಾಠ ಹೇಳಿದೆನು. ಹಾಗೆಂದು ಎಲ್ಲರಲ್ಲಿಯೂ ಹೇಳಿಕೊಳ್ಳುತ್ತಿದ್ದೆನು. ಅವಳು ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿ ತೇರ್ಗಡೆಯಾದಳು. ಈಚೆಗೆ ಅವಳು ತೌರಿಗೆ ಬಂದಿದ್ದಾಗ ಆ 5 ಮೈಲಿ ನಡಿಗೆಯ ಪುಟವನ್ನು ಓದಿ ಹೇಳಿದೆನು. “ಅಪ್ಪಯ್ಯ, ನೀವು ಸಂಜೆ ಬಂದವರೊಡನೆ ಜಗಲಿಯಲ್ಲಿ ಕೂರುತ್ತಿದ್ದಿರಿ. ದೋಸೆ ಹುಯ್ಯುತ್ತ ಅಮ್ಮ ಬಾಯಿಲೆಕ್ಕ ಕೇಳುತ್ತಿದ್ದಳು. ನನಗೆ ಗಣಿತ ಬಂದದ್ದು ಅಲ್ಲಿಂದ” ಎಂದಳು. ಒಳಗೆ ನನ್ನ ಹೆಂಡತಿ ಕೇಳಿಸಿಕೊಂಡಿರಬೇಕು, ಏನೂ ಮಾತನಾಡಲಿಲ್ಲ.

ಅಲ್ಲಿಂದ ಮುಂದೆ ಆ ಪುಟಗಳಲ್ಲಿ ಕಸ್ತೂರಬಾ ಎಲ್ಲಿರುವರೆಂದು ಹುಡುಕಿದೆನು. ಗ್ರಂಥದಲ್ಲಿ ಅವರು ಇಲ್ಲವೆಂದಲ್ಲ. ಡರ್ಬನ್ನಿನ ಮನೆಯಲ್ಲಿ ಗಂಡನೊಡನೆ ನಡೆದ ಜಗಳದ ಅಧ್ಯಾಯವನ್ನು ಓದಿದವರು ಅವರನ್ನು ಮರೆಯಲಾರರು. ಮಕ್ಕಳ ವಿದ್ಯೆಯ ಮಾತು ಬಂದಲ್ಲಿ ಮಾತ್ರ ಅವರು ಕಾಣುವುದಿಲ್ಲ. ಬೀಸುವಾಗ ಅವರೂ ಆಗಾಗ ಕೈಹಾಕುತ್ತಿದ್ದರು, ಆದರೆ ಅದು ಅಡಿಗೆಗೆ ತೊಡಗುವ ಹೊತ್ತಾಗಿತ್ತು ಎಂಬ ಅರ್ಧ ವಾಕ್ಯವೊಂದು ಸಿಕ್ಕಿತು. ಹೆಂಡತಿಗೆ ಓದು ಕಲಿಸುವುದಕ್ಕೆ ತಮ್ಮಿಂದ ಆಗಲಿಲ್ಲವೆಂದು ಗಾಂಧಿಯವರು ಬೇರೆಡೆಯಲ್ಲಿ ಮರುಗಿರುವರು. ಆದುದರಿಂದಲೇ ಆಕೆ ಮಕ್ಕಳಿಗೆ ಏನನ್ನಾದರೂ ಕಲಿಸಿರಬಹುದೆಂದು ಅವರಿಗೆ ತೋರಲಿಲ್ಲವೋ ಏನೋ. ಮನೆಯ ಮಾತನ್ನು ಮಕ್ಕಳಲ್ಲಿ ಉಳಿಸಿಕೊಂಡದ್ದು ದೇಶಸೇವೆಯೆಂದು ಅವರು ಪೋಲಕರೊಡನೆ ಬಿಸಿಬಿಸಿಯಾಗಿ ವಾದಿಸಿದ್ದನ್ನು ಬರೆದಿರುವರು; ಇಂಗ್ಲಿಷಿನ ಆ ಊರಿನಲ್ಲಿ ಹಗಲೆಲ್ಲ ಮಕ್ಕಳೊಡನೆ ಗುಜರಾತಿಯನ್ನು ಆಡುತ್ತಿದ್ದವರು ಯಾರು? ವಾದಿಸಿದವರು ಕಛೇರಿಗೆ ಹೋಗಿದ್ದರು.

ದಂಪತಿಗಳು ಹೋದ ತಿಂಗಳು ಪುಸ್ತಕವನ್ನು ಹಿಂದಕ್ಕೆ ತಂದುಕೊಟ್ಟರು. ಗಂಡ ಟಾಲ್‌ಸ್ಟಾಯ್ ಕ್ಷೇತ್ರದ ಮಾತನ್ನು ಬಹಳ ಉತ್ಸಾಹದಿಂದ ಆಡಿದರು. ಆಕೆ ಚಿಕ್ಕವಳನ್ನು ಕಂಕುಳಲ್ಲಿ ಎತ್ತಿಕೊಂಡು, “ಆ ಮನೆಯಲ್ಲಿದ್ದ ಹೆಂಗಸರು ಯಾರೂ ಬರೆದಿಲ್ಲವೇ?” ಎಂದರು. ಒಬ್ಬರು ಬರೆದಿರುವರು: ಜೋಹಾನ್ಸ್‌ಬರ್ಗಿನಲ್ಲಿ ಅದೇ ಸಂಸಾರದೊಡನೆ ಬಾಳಿದ ಮಿಲ್ಲಿ ಪೋಲಕ್. ಆಕೆಯ ಆಂಗ್ಲ ಪುಸ್ತಕ 1931ರಲ್ಲಿ ಪ್ರಕಟವಾಯಿತು. ಅದು ನಮ್ಮ ವಾಚನಾಲಯದಲ್ಲಿಲ್ಲ. ವಾಚಕ ಮಹಾಶಯರಲ್ಲಿ ಯಾರ ಬಳಿಯಲ್ಲಾದರೂ ಪ್ರತಿಯಿದ್ದರೆ ಎರಡು ವಾರದ ಮಟ್ಟಿಗೆ ಎರವಲು ಕೊಡುವಂತೆ ಸಂಘದ ಕಾರ್ಯದರ್ಶಿಗಳಿಗೆ ತಿಳಿಸಬೇಕೆಂದು ಪ್ರಾರ್ಥಿಸುವೆನು. ಪುಸ್ತಕವನ್ನು ಆ ಮನೆಗೆ ಮುಟ್ಟಿಸಿ ಹಿಂದಕ್ಕೆ ತರುವ ಹೊಣೆ ನನ್ನದು.